ದಣಿದ ಸಂಜೆಗೆ ಬಿಸಿ ಹುಗ್ಗಿ

ಕಚೇರಿ ಮುಗಿಸಿ, ಹಲಸೂರು ಕೆರೆಯ ದಾರಿಯಾಗಿ ಮರ್ಫಿ ಟೌನಿನ ಮನೆ ಸೇರುವ ಗೃಹಿಣಿಗೆ ಅಡಿಗೆಮನೆಯಲ್ಲಿ ಎರಡನೆಯ ದುಡಿಮೆ ಕಾದಿರುತ್ತದೆ. ಅಂತಹ ಸಂಜೆ ಹುಳಿ, ಪಲ್ಯಗಳ ಹಂಗೇಕೆ? ಹುಗ್ಗಿಯೊಂದೇ ಸಾಕು.

1 ಲೋಟ ಅಕ್ಕಿಗೆ ಅರ್ಧ ಲೋಟ ಹೆಸರುಬೇಳೆ. ಬೇಳೆಯನ್ನು ಘಮ್ಮೆನ್ನುವಂತೆ ಹುರಿದು, ಎರಡನ್ನೂ ತೊಳೆದು, 6 ಲೋಟ ನೀರು, ಚಿಟಿಕೆ ಅರಿಸಿನದೊಡನೆ ಕುಕ್ಕರಿನಲ್ಲಿ 4 ಕೂಗು ಕೂಗಿಸಬೇಕು. ಉಗಿ ಇಳಿದ ಮೇಲೆ ಉಪ್ಪು ಬೆರೆಸಿ, ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಶುಂಠಿ, ಕರಿಬೇವುಗಳ ಒಗ್ಗರಣೆ ಕೊಟ್ಟರಾಯಿತು. ಹೆಸರುಬೇಳೆಯನ್ನು ನೆನೆಹಾಕುವ ಕೆಲಸವಿಲ್ಲ. ಬೇಗ ಬೇಯುತ್ತದೆ, ಹೊಟ್ಟೆಗೂ ಹಗುರ.

ಇದಕ್ಕೆ ವಿಶೇಷ ಕೈಚಳಕವೂ ಬೇಡ. ಮೊದಲು ಮನೆಗೆ ಬಂದವರು, ಗಂಡನಾಗಲಿ ಬೆಳೆದ ಮಗನಾಗಲಿ, ಒಲೆ ಹಚ್ಚಬಹುದು. ದಿನವೂ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಆರಿದ್ದನ್ನು ಉಣ್ಣುವ ಆಕೆ, ಅಂದಾದರೂ ಎಲ್ಲರೊಡನೆ ಕುಳಿತು ಬಿಸಿಬಿಸಿಯಾಗಿ ಉಣ್ಣುವಂತಾಗಲಿ.