ಮೊದಲು ನಿಲ್ಲಿಸೋದು ಕಲಿಸಿ, ಆಮೇಲೆ ಓಡಿಸೋದು

ನಮ್ಮೂರಲ್ಲಿ ಕಾರು ಕಲಿಸೋ ಕ್ರಮವೇ ತಲೆಕೆಳಗು ಅಂತ ನನ್ನ ಅಭಿಪ್ರಾಯ. ಮೊದಲ ದಿನವೇ ರಸ್ತೆಗಿಳಿಸಿಬಿಡ್ತಾರೆ. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಜೊತೆ ಕ್ಲಚ್ಚು, ಬ್ರೇಕು ಇರುತ್ತಲ್ಲ, ಹಾಗಾಗಿ ಅರ್ಧ ಕಾರು ಓಡಿಸೋದು ಅವರೇ. ನಮ್ಮ ಪಾಲಿಗೆ ಸ್ಟಿಯರಿಂಗು, ಮತ್ತೆ ಬೈಗುಳ :-) ಕ್ಲಾಸು ಮುಗಿದಾಗಲೂ ಕಾರನ್ನ ಎಲ್ಲೂ ಸೇರಿಸಿ ನಿಲ್ಲಿಸೋ ಹಾಗಿಲ್ಲ. ಮುಂದಿನವರು ರಸ್ತೆ ಬದಿಯಲ್ಲೇ ಕಾಯ್ತಿರ್ತಾರೆ, ಎಂಜಿನ್ ಆರಿಸೋದರೊಳಗೆ ನಾವು ಇಳೀಬೇಕು. ನನ್ನ ಇಪ್ಪತ್ತು ದಿನದ ಕೋರ್ಸಿನಲ್ಲಿ ಪಾರ್ಕಿಂಗಿಗೆ ಸಿಕ್ಕಿದ್ದು ಒಂದೇ ದಿನ, ಅದೂ ಖಾಲಿ ಮೈದಾನದಲ್ಲಿ!

ಕಾನೂನಿನಲ್ಲಿ ಇಲ್ಲ ಅಂತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಇಕ್ಕಟ್ಟಾದ ಜಾಗಕ್ಕೆ ಗಾಡಿಯನ್ನ ರಿವರ್ಸ್‌ನಲ್ಲಿ ತಿರುಗಿಸಿ ತೋರಿಸಬೇಕು ಅಂತಲೇ ಇದೆ. ಆದರೆ ಟೆಸ್ಟ್ ಪಾಸಾಗೋದು ಬೇರೆ, ಮಲ್ಲೇಶ್ವರದ ಯಾವುದೋ ಕ್ರಾಸಿನಲ್ಲಿ ಹಿಂದಿನಿಂದ ನಾಲ್ಕು ಆಟೋ ಹಾರ್ನ್ ಹೊಡೀತಿರುವಾಗ ಎರಡು ಕಾರಿನ ನಡುವೆ ಸೇರೋದು ಬೇರೆ.

ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಮ್ಮೆ ನಿಮ್ಮ ಸುತ್ತ ನೋಡಿ. ಲೈಸೆನ್ಸ್ ಇದ್ದೂ ಕಾರು ಮುಟ್ಟದ ಹೆಂಗಸರು ಎಷ್ಟು ಜನ! ನನಗೆ ಗೊತ್ತಿರೋ ಹಾಗೆ ಅವರಲ್ಲಿ ಯಾರಿಗೂ ಓಡಿಸೋ ಭಯವಿಲ್ಲ, "ಅಲ್ಲಿ ಹೋಗಿ ನಿಲ್ಲಿಸೋದೆಲ್ಲಿ?" ಅನ್ನೋದೇ ಭಯ. ನಾನೂ ಮೂರು ವರ್ಷ ಅಮ್ಮನನ್ನ ಆಸ್ಪತ್ರೆಗೆ ಆಟೋದಲ್ಲೇ ಕರೆದುಕೊಂಡು ಹೋದವಳು, ಮನೆ ಕೆಳಗೆ ಕಾರು ಧೂಳು ತಿಂತಿತ್ತು. ಆ ಆಸ್ಪತ್ರೆಯ ಬೇಸ್‌ಮೆಂಟಿನ ಇಳಿಜಾರು, ಕಂಬಗಳು ನೆನಪಾದರೆ ಸಾಕು, ಕೈ ಫೋನಿಗೇ ಹೋಗ್ತಿತ್ತು. ಇನ್ನು ಗಂಡ ಜೊತೆಗಿದ್ದರಂತೂ ಕಥೆ ಗೊತ್ತೇ ಇದೆ. ಗೇಟಿನ ತನಕ ನಾವು ಓಡಿಸೋದು, ಅಲ್ಲಿ "ಬಿಡು, ನಾನ್ ಹಾಕ್ತೀನಿ". ಪ್ರೀತಿಯಿಂದಲೇ ಹೇಳ್ತಾರೆ, ಆದರೆ ಹಾಗೆ ನೂರು ಸಲ ಇಳಿದರೆ ನೂರು ಪಾಠ ತಪ್ಪಿದ ಹಾಗೆ ಅಲ್ವಾ?

ಜಾಗ ಚಿಕ್ಕದು ಅನ್ನೋದು ಬರೀ ನಮ್ಮ ಭ್ರಮೆಯೂ ಅಲ್ಲ ಕಣ್ರೀ. ಪಾರ್ಕಿಂಗ್ ಗೆರೆಗಳ ನಡುವೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ. ಹಳೇ ಮಾರುತಿ 800ರ ಅಗಲ 1.44 ಮೀಟರ್. ಅದನ್ನ ಸೇರಿಸಿದರೆ ಎರಡೂ ಕಡೆ ಅರ್ಧರ್ಧ ಮೀಟರಿಗಿಂತ ಜಾಸ್ತಿ ಉಳೀತಿತ್ತು. ಈಗಿನ ಕ್ರೆಟಾ 1.79 ಮೀಟರ್, ಅದೂ ಕನ್ನಡಿ ಬಿಟ್ಟು. ಉಳಿಯೋದು ಒಂದೊಂದು ಕಡೆ 35 ಸೆಂಟಿಮೀಟರ್ ಅಷ್ಟೆ, ಬಾಗಿಲು ತೆಗೆದು ಮೈ ಅಡ್ಡ ಮಾಡಿಕೊಂಡು ಇಳೀಬೇಕು. ಗೆರೆ ಹಳೇದು, ಕಾರು ಮಾತ್ರ ದಪ್ಪ ಆಗ್ತಾನೇ ಇದೆ! 2019ರ ಜುಲೈನಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ದು ಒಳ್ಳೇದೇ. ಆದರೆ ಅದು ಕೂಗೋದು ಹಿಂದೆ ಇರೋದಕ್ಕೆ. ಹಿಂದೆ ಹೋಗುವಾಗ ಮೂತಿ ಪಕ್ಕಕ್ಕೆ ಬೀಸಿ ಕಂಬಕ್ಕೆ ತಾಗೋದನ್ನ ಅದು ಹೇಳಲ್ಲ.

ರಿವರ್ಸ್‌ನಲ್ಲಿ ಯಾಕೆ ಹಾಕಬೇಕು ಅನ್ನೋದನ್ನ ಕ್ಲಾಸಿನಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಸ್ಟಿಯರಿಂಗಿಗೆ ತಿರುಗೋದು ಮುಂದಿನ ಚಕ್ರ ಮಾತ್ರ. ಮೂತಿ ಮುಂದಾಗಿ ನುಗ್ಗಿಸಿದರೆ ಹಿಂದಿನ ಚಕ್ರ ಒಳಮಗ್ಗುಲಿಗೆ ಎಳ್ಕೊಂಡು ಬಂದು ಬಾಗಿಲು ಕಂಬಕ್ಕೆ ಉಜ್ಜುತ್ತೆ. ಹಿಂದಕ್ಕೆ ಹೋದರೆ ತಿರುಗದ ಚಕ್ರ ಮೊದಲು ಜಾಗ ಸೇರುತ್ತೆ, ತಿರುಗೋ ಮೂತಿಗೆ ಹೊರಗಿನ ದಾರಿಯ ಅಗಲ ಸಿಗುತ್ತೆ. ಇಷ್ಟು ತಲೆಗೆ ಹೋದರೆ "ಯಾವ ಕಡೆ ತಿರುಗಿಸಲಿ?" ಅನ್ನೋ ಗಾಬರಿ ಅರ್ಧ ಇಳಿಯುತ್ತೆ. ಹೊರಡುವಾಗ ಎದುರಿಗೆ ಓಡಿಬರೋ ಮಕ್ಕಳು ಕಾಣ್ತಾರೆ ಅನ್ನೋ ಲಾಭ ಬೇರೆ.

ಇನ್ನೊಂದು ಮಾತು. ಹಾಫ್ ಕ್ಲಚ್ಚಿನಲ್ಲಿ ಕಾರನ್ನ ಇರುವೆ ಥರ ಹರಿಸೋದು, ನಾಲ್ಕು ಮೂಲೆ ಎಲ್ಲಿವೆ ಅಂತ ಅಂದಾಜು ಮಾಡೋದು, ಎಡಗನ್ನಡಿಯಲ್ಲಿ ಕಾಣೋದು ನಿಜಕ್ಕೂ ಇನ್ನೂ ಹತ್ತಿರ ಇದೆ ಅಂತ ತಿಳಿಯೋದು, ಇದೆಲ್ಲ ಪಾರ್ಕಿಂಗಿನಲ್ಲೇ ಕೈಗೆ ಹತ್ತೋದು. ಇವು ಬಂದರೆ ರಸ್ತೆ ತಾನಾಗೇ ಬರುತ್ತೆ. ಹಾಗಾಗಿ ಮೊದಲ ಐದು ದಿನ ಕಲಿಯೋವರನ್ನ ರಸ್ತೆಗೆ ಬಿಡಲೇಬಾರದು ಅಂತೀನಿ. ಸ್ಕೂಲಿನವರು ಬೇರೆ ಕಾರು ಕಟ್ಟಿಹಾಕಬೇಕಾಗುತ್ತೆ, ಪೆಟ್ರೋಲು ಸುಡುತ್ತೆ, ಮಾಡಲಿಕ್ಕಿಲ್ಲ.

ಅಲ್ಲೀವರೆಗೆ ನಮ್ಮ ದಾರಿ ನಮಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಭಾನುವಾರ ಬೆಳಿಗ್ಗೆ ಆರೂವರೆಗೆ ನಾಲ್ಕು ಜನ ಸೇರ್ತೀವಿ. ವಿಸಿಟರ್ ಪಾರ್ಕಿಂಗಿನಲ್ಲಿ ಖಾಲಿ ನೀರಿನ ಕ್ಯಾನುಗಳೇ ನಮ್ಮ ಕಂಬ. ಬಿದ್ದರೆ ಎತ್ತಿ ನಿಲ್ಲಿಸೋದು. ಗಂಡಸರಿಗೆ ಕಾಫಿ ತಂದುಕೊಡೋ ಅನುಮತಿ ಮಾತ್ರ :-) ಸೆಕ್ಯೂರಿಟಿ ಅಣ್ಣನಿಗೂ ಹೇಳಿಟ್ಟಿದೀವಿ: ಕ್ಯಾನಿಗೆ ತಾಗಿದರೂ ಸರಿ, "ಬರ್ಲಿ ಬರ್ಲಿ ಬರ್ಲಿ" ಅನ್ನಬೇಡಿ, ನಾವೇ ಕನ್ನಡಿ ನೋಡ್ಕೋತೀವಿ.