ಬೇಲಿಯೊಳಗೆ ಮೊದಲು ಏನಿತ್ತು?

ಹೋದ ವರ್ಷ ಶಾಲೆಯ ಮಕ್ಕಳನ್ನು ಕಾರವಾರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಗುಂಡ್ಲುಪೇಟೆ ಕಡೆಯ ನಮ್ಮ ಮಕ್ಕಳು ಕಾಡಾನೆ ಕಂಡವರು, ಚೆಂಡು ಹೂವಿನ ಹೊಲ ಕಂಡವರು. ಸಮುದ್ರ ಕಂಡವರು ಬೆರಳೆಣಿಕೆಯಷ್ಟು. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ 'ಚಪಲ್' ಯುದ್ಧನೌಕೆಯನ್ನು ಹತ್ತಿ, ತೋಪುಗಳ ಸುತ್ತ ಮುತ್ತಿಕೊಂಡರು. ಜೊತೆಗಿದ್ದ ಮೇಷ್ಟ್ರು ಅಲ್ಲೇ ರಸಪ್ರಶ್ನೆ ಶುರುಮಾಡಿದರು.

"ನಮ್ಮ ಹಗುರ ಟಾರ್ಪಿಡೊ ಹೆಸರೇನು?"

"ಶ್ಯೇನ!"

"76 ಮಿ.ಮೀ. ತೋಪು ನಿಮಿಷಕ್ಕೆ ಎಷ್ಟು ಗುಂಡು ಹಾರಿಸುತ್ತೆ?"

"ನೂರಿಪ್ಪತ್ತು!"

ಮಕ್ಕಳು ಇದನ್ನು ತಿಳಿಯುವುದಕ್ಕೆ ನನ್ನ ತಕರಾರಿಲ್ಲ. ನಾವು ಹೆಂಗಸರೂ ತಿಳಿಯಬೇಕು. ಚಾಮರಾಜನಗರದ ನನ್ನ ಗೆಳತಿಯರು "ಅದೆಲ್ಲ ಗಂಡಸರ ವಿಷಯ ಕಣ್ರೀ" ಎನ್ನುತ್ತಾರೆ. ಹೇಗಾಗುತ್ತದೆ? ನಾವು ಕೊಳ್ಳುವ ಸೋಪಿನ ಮೇಲಿನ ತೆರಿಗೆಯೂ ಅದಕ್ಕೆ ಹೋಗುತ್ತದಲ್ಲವೆ? ಶ್ಯೇನ ಎಂದರೆ ಗಿಡುಗ. ವಿಶಾಖಪಟ್ಟಣದ ನಮ್ಮ ವಿಜ್ಞಾನಿಗಳು ರೂಪಿಸಿದ್ದು. ಹಗುರ ಎಂದರೂ ಸುಮಾರು 220 ಕಿಲೊ, ಐವತ್ತು ಕಿಲೊ ಅಕ್ಕಿಯ ನಾಲ್ಕು ಮೂಟೆಗಿಂತ ಹೆಚ್ಚು ಭಾರ. ಹೆಲಿಕಾಪ್ಟರಿನಿಂದ ನೀರಿಗಿಳಿದು, ಶಬ್ದದ ಜಾಡು ಹಿಡಿದು ಜಲಾಂತರ್ಗಾಮಿಯನ್ನು ಬೆನ್ನಟ್ಟುತ್ತದೆ.

ಆದರೆ ಇಂಥ ಆಯುಧ ಹೊತ್ತ ಹಡಗು ನಿಲ್ಲಲು ಒಂದು ನೆಲೆ ಬೇಕು. ಆ ನೆಲೆಗೆ ನೆಲ ಬೇಕು. ಆ ನೆಲ ಯಾರದು?

ಮಾರನೆಯ ದಿನ ಅಂಕೋಲೆಯ ಕಡೆ ಹೊರಟಾಗ, ಅರ್ಗಾದ ಬಳಿ ಹೆದ್ದಾರಿಯ ಪಕ್ಕದಲ್ಲೇ ನೌಕಾನೆಲೆಯ ಕಾಂಪೌಂಡು ಮುಗಿಯದಂತೆ ಸಾಗಿತು. ಒಬ್ಬಳು ಹುಡುಗಿ ಕೇಳಿದಳು, "ಮಿಸ್, ಇದರೊಳಗೆ ಮೊದಲು ಏನಿತ್ತು?" ಅವಳು ಬಂಡೀಪುರದ ಅಂಚಿನ ಹಾಡಿಯವಳು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ ಮೇಲೆ ಕಾಡು ಬಿಟ್ಟು ಹೊರಬಂದ ಜೇನುಕುರುಬರ ಮೊಮ್ಮಗಳು. ಬೇಲಿ ಕಂಡರೆ ಅವಳಿಗೆ ಮೊದಲು ಬರುವ ಪ್ರಶ್ನೆಯೇ ಅದು. ಮೇಷ್ಟ್ರು ಸುಮ್ಮನಾದರು. ನಾನೂ ಸುಮ್ಮನಾದೆ, ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಚಹಾಕ್ಕೆ ನಿಂತಲ್ಲಿ ಅಂಗಡಿಯ ಹೆಂಗಸೇ ಉತ್ತರ ಹೇಳಿದಳು: "ನಮ್ಮ ಮನೆ ಇತ್ತು ಟೀಚರ್. ಗದ್ದೆ, ತೆಂಗು, ಬಾವಿ, ಎಲ್ಲಾ ಇತ್ತು."

ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. 'ಸೀಬರ್ಡ್' ಯೋಜನೆಗೆ ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದರು. 2005ರಲ್ಲಿ 'ಕದಂಬ' ನೌಕಾನೆಲೆ ಸೇವೆಗೆ ಸೇರಿತು. ಕಾರವಾರ, ಅಂಕೋಲೆ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ಅವರಲ್ಲಿ ಮೀನುಗಾರರಿದ್ದರು, ರೈತರಿದ್ದರು. ನ್ಯಾಯವಾದ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದರು. ನಿಮಿಷಕ್ಕೆ ನೂರಿಪ್ಪತ್ತು ಗುಂಡು ಹಾರಿಸುವ ದೇಶಕ್ಕೆ ಪರಿಹಾರದ ಕಾಗದ ಸರಿಸಲು ಮಾತ್ರ ಇಷ್ಟು ವರ್ಷ ಬೇಕೆ?

ಸ್ಟಾಫ್ ರೂಮಿನಲ್ಲಿ ಇದನ್ನೆತ್ತಿದಾಗ ಮೇಷ್ಟ್ರು, "ಮೇಡಂ, ಮಕ್ಕಳ ದೇಶಭಕ್ತಿ ಯಾಕೆ ಕೆಡಿಸ್ತೀರಿ?" ಎಂದರು. ಕಡಲಿಗೆ ಕಾವಲು ಬೇಡ ಎಂದು ನಾನು ಹೇಳುತ್ತಿಲ್ಲ. 2008ರಲ್ಲಿ ಮುಂಬಯಿಗೆ ಸಾವು ಬಂದದ್ದು ಸಮುದ್ರದ ದಾರಿಯಿಂದಲೇ. ಕಾವಲು ಬೇಕು. ಅದಕ್ಕಾಗಿ ಒಲೆ ಆರಿಸಿ ಎದ್ದುಹೋದವಳ ಹೆಸರೂ ದೇಶದ ಲೆಕ್ಕದಲ್ಲಿ ಬೇಕು. ಗಡಿಯಲ್ಲಿ ನಿಂತ ಯೋಧನಿಗೆ ಕೈ ಮುಗಿಯುತ್ತೇವೆ, ಸರಿ. ಹುಟ್ಟಿದ ಮನೆಯನ್ನೇ ಬಿಟ್ಟುಕೊಟ್ಟವಳಿಗೆ? ಅವಳನ್ನು ಮರೆಸುವ ಪಾಠವನ್ನು ದೇಶಭಕ್ತಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ತಾನು ಉಂಡಳೋ ಇಲ್ಲವೋ ಎಂದು ಯಾರೂ ಕೇಳದ ಹೆಂಗಸಿನ ಪಾಡು ನಮಗೆ ಗೊತ್ತಿಲ್ಲದ್ದೇ? ಇದೂ ಅದೇ.

ಈ ವರ್ಷದ ರಸಪ್ರಶ್ನೆಯ ಪಟ್ಟಿಯನ್ನು ನಾನೇ ತಯಾರಿಸಿದ್ದೇನೆ. ಶ್ಯೇನ ಇದೆ, ತೋಪೂ ಇದೆ. ಕೊನೆಯ ಪ್ರಶ್ನೆ ಆ ಹುಡುಗಿಯದು: "ಕದಂಬ ನೌಕಾನೆಲೆಯ ಜಾಗದಲ್ಲಿ ಮೊದಲು ಏನಿತ್ತು?" ಅದಕ್ಕೆ ಎರಡು ಅಂಕ ಇಟ್ಟಿದ್ದೇನೆ.