ಕಮಾಂಡ್ ಇಂಗ್ಲಿಷಿನದಾದರೇನು, ಕಾರಣ ಕನ್ನಡದಲ್ಲಿರಲಿ

ದೆಹಲಿ ಮೆಟ್ರೊದ ನೀಲಿ ಮಾರ್ಗ ನೋಯ್ಡಾದಲ್ಲಿ ಮುಗಿಯುವ ನಿಲ್ದಾಣದ ಹೆಸರೂ ಎಲೆಕ್ಟ್ರಾನಿಕ್ ಸಿಟಿ. ಬೆಂಗಳೂರಿನಿಂದ ಬಂದವರಿಗೆ ಅದನ್ನು ಕೇಳಿ ಊರು ನೆನಪಾಗುವುದುಂಟು. ಆ ಸುತ್ತಿನ ಕಚೇರಿಯೊಂದರಲ್ಲಿ ಸರ್ವರ್‌ಗಳನ್ನು ಕಾಯುವುದು ನನ್ನ ಕಸುಬು. ನನ್ನ ಕನ್ನಡದ ಗೆಳೆಯರು ರಾಜ್ಯೋತ್ಸವದಂದು ಕವಿತೆ ಓದುತ್ತಾರೆ, ಕಾದಂಬರಿಗಳ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಆದರೆ ನಿತ್ಯದ ಕೆಲಸಕ್ಕೆಂದು ಅವರು ಬರೆದಿಟ್ಟುಕೊಳ್ಳುವ ಕಮಾಂಡ್‌ಗಳ, ಪುಟ್ಟ ಸ್ಕ್ರಿಪ್ಟ್‌ಗಳ ಟಿಪ್ಪಣಿಯಲ್ಲಿ ಒಂದಕ್ಷರ ಕನ್ನಡವಿಲ್ಲ. ಕೇಳಿದರೆ, "ಕಂಪ್ಯೂಟರ್ ಕೆಲಸಕ್ಕೆ ಕನ್ನಡವೇಕೆ ಸ್ವಾಮಿ?" ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಡಿಸ್ಕ್ ಪೂರ್ತಿ ತುಂಬಿದೆ ಎಂದು ಡಿಎಫ್ ಹೇಳುತ್ತಿತ್ತು. ಇರುವ ಕಡತಗಳನ್ನೆಲ್ಲ ಕೂಡಿಸಿದ ಡಿಯು ಅರ್ಧವೂ ತುಂಬಿಲ್ಲ ಎನ್ನುತ್ತಿತ್ತು. ಎರಡೂ ನಿಜವೇ. ದೊಡ್ಡದೊಂದು ಲಾಗ್ ಕಡತವನ್ನು ಅಳಿಸಲಾಗಿತ್ತು, ಆದರೆ ಅದನ್ನು ತೆರೆದುಕೊಂಡಿದ್ದ ಪ್ರೋಗ್ರಾಂ ಇನ್ನೂ ಕೈಬಿಟ್ಟಿರಲಿಲ್ಲ. ಹೆಸರು ಹೋಗಿತ್ತು, ಜಾಗ ತೆರವಾಗಿರಲಿಲ್ಲ. ಹಿಡಿದುಕೊಂಡವರು ಯಾರೆಂದು ಎಲ್‌ಎಸ್‌ಒಎಫ್ ತೋರಿಸುತ್ತದೆ. ಆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದರೆ ಮುಗಿಯಿತು. ನನ್ನ ಟಿಪ್ಪಣಿಯಲ್ಲಿ ಎಲ್ಲಿಂದಲೋ ನಕಲಿಸಿದ ಕಮಾಂಡ್ ಇತ್ತು, ಕಾರಣವಿರಲಿಲ್ಲ. ಹಾಗಾಗಿ ಅದು ಈ ಹೊತ್ತಿನದೆಂದು ಹೊಳೆಯದೆ, ಬೆಳಗಿನ ಜಾವದವರೆಗೆ ಇನ್ನಷ್ಟು ಕಡತ ಅಳಿಸುತ್ತ ಕುಳಿತೆ. ಮರುದಿನ ಕಮಾಂಡಿನ ಮೇಲೊಂದು ಸಾಲು ಬರೆದೆ: "ನಾಮಫಲಕ ಕಿತ್ತರೂ ಬಾಡಿಗೆದಾರ ಒಳಗೇ ಇದ್ದಾನೆ." ಆಮೇಲೆ ಮರೆತಿಲ್ಲ.

ಇಂಗ್ಲಿಷಿನಲ್ಲಾದರೆ ವಿವರಣೆಯನ್ನೂ ನಕಲಿಸಿಬಿಡಬಹುದು. ಕನ್ನಡದಲ್ಲಿ ನಕಲಿಸಲು ಮೂಲವೇ ಇಲ್ಲ, ತಿಳಿಯದೆ ಬರೆಯಲಾಗದು. ಆ ಕಷ್ಟದಲ್ಲೇ ಲಾಭವಿದೆ.

ಕಸುಬಿನ ಮಾತಿಗೆ ಕನ್ನಡ ಒಗ್ಗದು ಎನ್ನುವವರು ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವನ್ನು ತೆರೆದು ನೋಡಲಿ. ನೆಲದಡಿಯ ನೀರಿನ ಗುರುತು, ಗಿಡಮರಗಳ ಆರೈಕೆ, ಅಡುಗೆ, ವಿಷಕ್ಕೆ ಮದ್ದು ಎಲ್ಲವೂ ಅದರಲ್ಲಿವೆ. 11ನೆಯ ಶತಮಾನದ ಕೈಟಿಪ್ಪಣಿಯೆಂದೇ ಅದನ್ನು ಕರೆಯಬಹುದು. 12ನೆಯ ಶತಮಾನದ ರಾಜಾದಿತ್ಯ ಲೆಕ್ಕವನ್ನೇ ಕನ್ನಡ ಪದ್ಯಕ್ಕಿಳಿಸಿದ. ಶಾಸ್ತ್ರವೆಂದರೆ ಸಂಸ್ಕೃತವೆಂದಿದ್ದ ಕಾಲದಲ್ಲಿ ಅವರಿಗಿಲ್ಲದ ಸಂಕೋಚ ನಮಗೇಕೆ?

ತಂಡದ ದಾಖಲೆ ಇಂಗ್ಲಿಷಿನಲ್ಲೇ ಇರಲಿ. ಪಕ್ಕದ ಮೇಜಿನವರಿಗೂ ಅರ್ಥವಾಗಬೇಕಲ್ಲ. ಸರ್ವರ್, ಡೈರೆಕ್ಟರಿಗಳಿಗೆ ಹಲ್ಲು ಮುರಿಯುವ ಪದ ಹೊಸೆಯುವ ಗೀಳೂ ಬೇಡ. ನಾನು ಕೇಳುತ್ತಿರುವುದು ನಿಮ್ಮ ಸ್ವಂತ ಟಿಪ್ಪಣಿಯ ಮಾತು.

ಯಂತ್ರ ಒಪ್ಪದು ಎಂಬ ನೆಪವೂ ಹಳಸಿದೆ. ಯುನಿಕೋಡ್‌ಗೆ ಮುಂಚಿನ ಫಾಂಟುಗಳ ಕಾಲದಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಬೇರೆಯದೇ ಸಂಕೇತಗಳಿರುತ್ತಿದ್ದವು, ಹುಡುಕಿದರೆ ಸಿಗುತ್ತಿರಲಿಲ್ಲ. ಈಗ 'ಕನ್ನಡ' ಎಂಬುದು ನಮಗೆ ಮೂರಕ್ಷರ, ಯುನಿಕೋಡ್‌ಗೆ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟಿನ ಮಿತಿ ಇರುವುದರಿಂದ ಕನ್ನಡದ ಹೆಸರು 85 ಸಂಕೇತ ದಾಟಬಾರದು. ಅಷ್ಟುದ್ದದ ಹೆಸರನ್ನು ಇಡುವವರಾದರೂ ಯಾರು! ನನ್ನ ಟಿಪ್ಪಣಿಯಲ್ಲಿ 'ಬಾಡಿಗೆದಾರ' ಎಂದು ಗ್ರೆಪ್ ಮಾಡಿದರೆ ಆ ಸಾಲು ತಕ್ಷಣ ಬಂದು ಎದುರಿಗೆ ನಿಲ್ಲುತ್ತದೆ.